ಪಾಟೀಲರ ವೈನಿಗೆ ಮೆಣಸಿನ ಘಾಟು

ಅವನು ಬೇಲಿ ದಾಟಿ ಬಂದದ್ದು ಜಗಳ ತೆಗೆಯಲೆಂದು. ಬಾಯಿ ತೆರೆಯುವಷ್ಟರಲ್ಲಿ ಸೀನು ಬಂತು. ಒಂದರ ಹಿಂದೊಂದು, ಕಣ್ಣಲ್ಲಿ ನೀರು ಇಳಿಯುವ ತನಕ.

ನಾಗರತ್ನಾ ಕೈಯಲ್ಲಿದ್ದ ಉದ್ದ ಹಿಡಿಕೆಯ ಹಲಗೆಯನ್ನು ನೆಲಕ್ಕೂರಿ ನಿಂತಳು. ಕಣದ ತುಂಬ ಮೆಣಸಿನಕಾಯಿ ಹರವಿತ್ತು. ಮೂಗು ಬಾಯಿ ಮುಚ್ಚುವಂತೆ ಅವಳು ಓಢಣಿ ಬಿಗಿದಿದ್ದಳು. ಹೊರಗೆ ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ. ಅವು ನಗುತ್ತಿದ್ದವು.

“ಮೊದಲ ಮೂಗಿಗೆ ಬಟ್ಟಿ ಹಿಡೀರಿ. ಜಗಳಾ ಆಮ್ಯಾಲ ಮಾಡಂತ್ರಿ.”

“ನಾ ಜಗಳಾ ಮಾಡಾಕ ಬಂದೀನಂತ ಯಾರು ಹೇಳಿದ್ರು?”

“ನಿಮ್ಮ ಹುಬ್ಬು ಹೇಳಾಕತ್ತಾವ್ರಿ.”

ಅವನು ತೋಳಿನಿಂದ ಕಣ್ಣೊರೆಸಿಕೊಂಡ. ಪಾಟೀಲರ ಮಗ ವೀರು ಇವನೇ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಶಿರಹಟ್ಟಿಯಿಂದ ಮುಂಡರಗಿ ಕಡೆ ಹೋಗುವ ದಾರಿಯಲ್ಲಿ, ಕಪ್ಪತಗುಡ್ಡದ ಬುಡಕ್ಕಿರುವ ಪಾಟೀಲರ ದ್ರಾಕ್ಷಿ ಎಸ್ಟೇಟ್ ಯಾರಿಗೆ ಗೊತ್ತಿಲ್ಲ? ಗುಡ್ಡದ ಒಣಗಾಳಿಗೆ ದ್ರಾಕ್ಷಿಯನ್ನು ಅರ್ಧ ಒಣಗಿಸಿ, ಆ ಮುದುಡಿದ ಹಣ್ಣಿನಿಂದ ಅವರು ಸಿಹಿ ವೈನ್ ಮಾಡುತ್ತಾರೆ. ಗೋವಾ, ಮುಂಬಯಿಯ ದೊಡ್ಡ ಹೋಟೆಲುಗಳಲ್ಲಿ ಊಟದ ಕೊನೆಗೆ ಪುಟ್ಟ ಗ್ಲಾಸಿನಲ್ಲಿ ಕೊಡುವ, ಜೇನಿನ ಬಣ್ಣದ ವೈನು. ಅದನ್ನು ಮಾಡುವ ಮನೆಯಲ್ಲಿ ಕುಡಿಯುವವರು ಒಬ್ಬರೂ ಇಲ್ಲ. ಮನೆಯ ಯಜಮಾನ ಚನ್ನಬಸವಣ್ಣ ಪಾಟೀಲರು ಗ್ಲಾಸನ್ನು ಬೆಳಕಿಗೆ ಹಿಡಿದು ಬಣ್ಣ ನೋಡುತ್ತಾರೆ, ಅಷ್ಟೇ. ರುಚಿ ನೋಡಿ ಉಗುಳುವ ಕೆಲಸ ನಾಸಿಕದಲ್ಲಿ ಕಲಿತು ಬಂದ ಮಗನದು.

“ಬೇಲಿ ಆ ಕಡಿ ದಿಬ್ಬದ ಮ್ಯಾಲ ನಮ್ಮ ದ್ರಾಕ್ಷಿ ಒಣಗಸೋ ಶೆಡ್ಡು ಐತಿ,” ವೀರು ಹೇಳಿದ. “ನೀವು ಇಲ್ಲಿ ಮೆಣಸಿನಕಾಯಿ ತಿರುವಿದಾಗೆಲ್ಲ ಧೂಳು ಸೀದಾ ಬಂದು ದ್ರಾಕ್ಷಿ ಮ್ಯಾಲ ಕುಂಡ್ರತೈತಿ. ಅರ್ಧ ಒಣಗಿದ ಹಣ್ಣು ತೊಳಿಯಾಕ ಬರಂಗಿಲ್ಲ, ಕೊಳೀತಾವ. ಘಾಟು ವೈನಿನಾಗ ಇಳದ್ರ ಮುಗೀತು.”

“ಈ ಕಣ ನಮ್ಮಜ್ಜನ ಕಾಲದ್ದರಿ. ಹೋದ ವರ್ಷ ನಿಮ್ಮ ಶೆಡ್ಡು ಗುಡ್ಡದ ಆ ಮಗ್ಗಲಿಗಿತ್ತು. ಅಲ್ಲಿ ಗೆಸ್ಟ್ ಹೌಸ್ ಕಟ್ಟಿಸಿ, ಶೆಡ್ಡು ನಮ್ಮ ತಲಿ ಮ್ಯಾಲ ತಂದು ಇಟ್ಟವರು ಯಾರು? ನಾವಾ?”

ಶೆಡ್ಡು ಸರಿಸುವುದು ಬೇಡವೆಂದು ಅವನೇ ಅಪ್ಪನ ಜೊತೆ ವಾದ ಮಾಡಿ ಸೋತಿದ್ದ. ಆದರೆ ಅದನ್ನು ಈ ಓಢಣಿಯ ಹುಡುಗಿಗೆ ಹೇಳುವುದು ಹೇಗೆ?

“ತಿರುವದ ಬಿಟ್ರ ಏನಾಗತೈತಿ?” ಕೇಳಿದ.

“ತಳದಾಗಿನ ಕಾಯಿ ಕಪ್ಪಾಗಿ ಬೂಸು ಹಿಡೀತಾವ. ವರ್ಷದ ಬೆಳಿರಿ ಇದು.”

“ನಂದೂ ವರ್ಷದ ಬೆಳಿನ.”

ಮೆಣಸಿನಕಾಯಿಯ ಆಚೆ ಒಬ್ಬ, ಈಚೆ ಒಬ್ಬಳು. ನಾಗರತ್ನಾಳಿಗೆ ಯಾಕೋ ಓಢಣಿ ಬಿಚ್ಚಬೇಕೆನಿಸಿತು. ಬಿಚ್ಚಿದಳು. ಅವನು ನೋಡಿದ, ನೋಡಬಾರದಿತ್ತು ಎನ್ನುವಂತೆ ತಟ್ಟನೆ ಗುಡ್ಡದ ಕಡೆ ತಿರುಗಿದ.

ದಾರಿ ಹುಡುಕಿದವನು ಅವನೇ. ಕಣ ತಗ್ಗಿನಲ್ಲಿತ್ತು, ಸುತ್ತ ಬೇವಿನ ಮರಗಳು. ಅಲ್ಲಿ ನಿಂತವರಿಗೆ ಮೇಲಿನ ಗಾಳಿ ತಿಳಿಯುತ್ತಿರಲಿಲ್ಲ. ಗಾಳಿ ನಿಂತಾಗ ತಾನು ಶೆಡ್ಡಿನ ಕಂಬಕ್ಕೆ ಬಿಳಿ ಟವೆಲ್ ಏರಿಸುತ್ತೇನೆ, ಪರದೆಗಳನ್ನೂ ಇಳಿಸುತ್ತೇನೆ; ಆಗ ಮಾತ್ರ ಅವಳು ತಿರುವಬೇಕು; ಮುಗಿದ ಮೇಲೆ ಬೇಲಿಯ ಹತ್ತಿರ ಬಂದು ಹೇಳಬೇಕು.

“ಅದೆಲ್ಲಾ ಯಾಕ? ನಂಬರ್ ಕೊಡ್ರಿ, ಫೋನ್ ಮಾಡ್ತೀನಿ,” ಎಂದೂ ಸೇರಿಸಿದ, ಬಹಳ ಸಹಜವಾಗಿ.

“ಕಣದಾಗ ರೇಂಜ್ ಸಿಗಂಗಿಲ್ರಿ,” ಅವಳು ಅಷ್ಟೇ ಸಹಜವಾಗಿ ಅಂದಳು. “ಟವೆಲ್ ಸಾಕು.”

ಸಂಜೆ ಅವಳ ಅಪ್ಪ ಫಕ್ಕೀರಪ್ಪ ಇದನ್ನೆಲ್ಲ ಕೇಳಿ ಗದ್ದಕ್ಕೆ ಕೈ ಹಚ್ಚಿ ಕೂತ. ಕಣದ ನೆಲ ಪಾಟೀಲರದು. ಹಿಂದೆ ಪಾಟೀಲರ ಹಿರಿಯರು ಇವನ ಅಪ್ಪನಿಗೆ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟದ್ದು. “ದೊಡ್ಡವರ ಜೋಡಿ ವಾದ ಬ್ಯಾಡವ್ವಾ,” ಎಂದ. “ಅವರು ಹೇಳಿದಂಗ ಕೇಳು.”

ಕೇಳಿದಳು. ಮುಂಜಾನೆ ಬಿಸಿಲು ಬೀಳುವ ಮೊದಲು ಒಮ್ಮೆ, ಸಂಜೆ ಒಮ್ಮೆ ಟವೆಲ್ ಏರುತ್ತಿತ್ತು. ಅವಳು ಚಕಚಕನೆ ತಿರುವಿ, ಬೇಲಿಗೆ ಹೋಗಿ, “ಆತ್ರಿ,” ಅನ್ನುತ್ತಿದ್ದಳು. ಮೊದಲ ವಾರ ಅಷ್ಟೇ ಮಾತು. ಆಮೇಲೆ “ಆತ್ರಿ” ಎಂದ ಮೇಲೂ ಅವನು ನಿಂತಿರುತ್ತಿದ್ದ. ಅವಳೂ.

ಒಂದು ದಿನ ಅವನು ಅಂಗೈಯಲ್ಲಿ ನಾಲ್ಕಾರು ದ್ರಾಕ್ಷಿ ತಂದ. ಹಸಿಯೂ ಅಲ್ಲ, ಒಣಗಿದ್ದೂ ಅಲ್ಲ. ಚರ್ಮ ಸುಕ್ಕಾಗಿ ಒಳಗೆ ಪಾಕದಂತಾಗಿತ್ತು. ಅವಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು.

“ಹೆಂಗೈತಿ?”

“ತಡೀರಿ. ಇನ್ನಾ ಮುಗಿದಿಲ್ಲ.”

ಅವಳು ಕಣ್ಣು ತೆರೆದಾಗ ಅವನು ಅವಳ ತುಟಿಯನ್ನೇ ನೋಡುತ್ತಿದ್ದ. ಈ ಸಲ ಗುಡ್ಡದ ಕಡೆ ತಿರುಗಲಿಲ್ಲ.

“ಹಿಂಗ್ಯಾಕ ನೋಡ್ತೀರಿ?”

“ರುಚಿ ನೋಡೋದ ನನ್ನ ಕೆಲಸ.”

ಅವಳ ಕಿವಿ ಬಿಸಿಯಾಯಿತು. “ನಿಮ್ಮ ಕೆಲಸ ಶೆಡ್ಡಿನಾಗ ಐತಿ, ಹೋಗ್ರಿ,” ಎಂದು ತಿರುಗಿ ನಡೆದಳು. ನಾಲ್ಕು ಹೆಜ್ಜೆ ಹೋದ ಮೇಲೆ ಹಿಂದೆ ನೋಡಬಾರದೆಂದುಕೊಂಡಳು. ನೋಡಿದಳು. ಅವನಿನ್ನೂ ಅಲ್ಲೇ ಇದ್ದ.

ಅಷ್ಟರಲ್ಲಿ ಗಾಳಿ ಎದ್ದಿತು. ಗುಡ್ಡದ ಮೇಲಿನ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗಿದವು. ಮುಂಜಾನೆ ಇಲ್ಲ, ಸಂಜೆ ಇಲ್ಲ, ಕಂಬದ ಮೇಲೆ ಟವೆಲ್ಲೇ ಇಲ್ಲ. ದಿನಗಳು ಹೋದವು. ಕಣದಲ್ಲಿ ತಳದ ಕಾಯಿ ಬೆವರತೊಡಗಿದವು. ನಾಗರತ್ನಾ ಬೇವಿನ ಕೆಳಗೆ ಕೂತು ಕಂಬ ನೋಡುತ್ತಿದ್ದಳು. ಕಾಯಿ ಕೆಡುತ್ತವೆ ಎಂಬ ಚಿಂತೆ ಎಷ್ಟು, ಅವನ ಮುಖ ಕಾಣುತ್ತಿಲ್ಲ ಎಂಬ ಚಿಂತೆ ಎಷ್ಟು ಎಂದು ಯಾರಾದರೂ ಕೇಳಿದ್ದರೆ ಅವಳು ಸುಳ್ಳು ಹೇಳಬೇಕಾಗುತ್ತಿತ್ತು.

ಒಂದು ಮಧ್ಯಾಹ್ನ, ಫಕ್ಕೀರಪ್ಪ ಸಂತೆಗೆ ಹೋಗಿದ್ದಾಗ, ಟವೆಲ್ ಏರಿತು.

ಅವಳು ಎದ್ದು ನಿಂತಳು. ಹಲಗೆ ಹಿಡಿದಳು. ತಲೆಯೆತ್ತಿದರೆ ಬೇವಿನ ತುದಿ ಅಲುಗುತ್ತಿತ್ತು. ಮೊದಲ ಸಾಲು ತಿರುವುತ್ತಿದ್ದಂತೆ ಕೆಂಪು ಧೂಳು ಮೇಲೆದ್ದು, ಬೇಲಿಯ ಮೇಲಿಂದ ದಿಬ್ಬದ ಕಡೆ ಜಾರಿತು. ಅವಳು ಅದನ್ನು ನೋಡಿದಳು. ಕಂಬವನ್ನೂ ನೋಡಿದಳು. ಮೇಲಿದ್ದವನಿಗೆ ಗಾಳಿ ಗೊತ್ತಾಗದೇ ಇರುತ್ತದೆಯೇ, ಟವೆಲ್ ಏರಿಸಿದ್ದಾನಲ್ಲ, ಎಂದು ತನಗೆ ತಾನೇ ಹೇಳಿಕೊಂಡು ಕಣ ಪೂರ್ತಿ ತಿರುವಿ ಮುಗಿಸಿದಳು. ಆಮೇಲೆ ಬೇಲಿಯ ಕಡೆ ಹೆಚ್ಚುಕಡಿಮೆ ಓಡಿದಳು.

ಅವತ್ತು ಅವರು ಬಹಳ ಹೊತ್ತು ಮಾತಾಡಿದರು. ಅವನು ಮೊದಲ ಸಲ “ನಾಗೂ” ಎಂದ. ಅವಳು “ರಿ” ಬಿಟ್ಟು “ವೀರು” ಎಂದು ಒಮ್ಮೆ ಅಂದು ನೋಡಿ, ನಾಲಿಗೆ ಕಚ್ಚಿಕೊಂಡಳು. ಮೇಲೆ ಶೆಡ್ಡಿನ ಒಂದು ಪರದೆ ಪಟಪಟ ಬಡಿದುಕೊಳ್ಳುತ್ತಿತ್ತು. ಅದು ಇಬ್ಬರಿಗೂ ಕೇಳಿಸುತ್ತಿತ್ತು. ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ.

ಯುಗಾದಿ ದಾಟಿತು. ಮೆಣಸಿನಕಾಯಿ ಚೀಲ ಸೇರಿದವು. ದ್ರಾಕ್ಷಿ ಹಿಂಡಿ ರಸ ಟ್ಯಾಂಕಿಗೆ ಹೋಯಿತು. ಟವೆಲ್ಲಿನ ಕೆಲಸ ಮುಗಿದರೂ ವೀರು ಸಂಜೆ ಬೇಲಿಗೆ ಬರುತ್ತಿದ್ದ. ಆಮೇಲೆ ಒಂದು ದಿನ ಬರಲಿಲ್ಲ. ಮರುದಿನವೂ ಬರಲಿಲ್ಲ.

ಅವನ ಬದಲು ಚನ್ನಬಸವಣ್ಣ ಪಾಟೀಲರ ಜೀಪು ಬಂತು. ಪಾಟೀಲರು ಕೆಳಗೆ ಇಳಿಯಲಿಲ್ಲ.

“ಫಕ್ಕೀರಪ್ಪ, ನಿನ್ನ ಮೆಣಸಿನಕಾಯಿ ನನ್ನ ವೈನ್ ಕೆಡಿಸೈತಿ. ದೊಡ್ಡ ಟ್ಯಾಂಕ್ ಪೂರಾ ಹೋತು. ಬಾಯಿಗೆ ಹಾಕಿದ್ರ ಮೊದಲ ಸಿಹಿ, ಆಮ್ಯಾಲ ಗಂಟಲಾಗ ಉರಿ. ಇಷ್ಟು ವರ್ಷದ ಹೆಸರು ನಂದು.”

“ಗೌಡ್ರ, ಸಣ್ಣ ಗೌಡ್ರು ಹೇಳಿದಾಗಷ್ಟ ನನ್ನ ಮಗಳು…”

“ನಂಗದೆಲ್ಲಾ ಗೊತ್ತಿಲ್ಲ. ಕಣ ಬಿಡು. ಗೋವಾದಿಂದ ಹೋಟೆಲ್‌ನವರು ಬರೋರದಾರ. ಅವರ ಮುಂದ ಬಂದು, ಕಣ ತಗದೀನಿ, ಮುಂದಿನ ವರ್ಷ ಈ ತ್ರಾಸ ಇರಂಗಿಲ್ಲ ಅಂತ ನಿನ್ನ ಬಾಯಿಲೆ ಹೇಳು. ಇಲ್ಲಾಂದ್ರ ಕೋರ್ಟಿನಾಗ ಮಾತಾಡೂಣು.”

ಜೀಪು ಹೋಯಿತು. ಫಕ್ಕೀರಪ್ಪ ಕಣದ ನಡುವೆ ನಿಂತು ಸುತ್ತ ನೋಡಿದ. ಸಗಣಿ ಸಾರಿಸಿ ಸಾರಿಸಿ ಕಲ್ಲಿನಂತಾದ ನೆಲ. ಬೇರೆ ಹೊಲವೆಲ್ಲ ಕಪ್ಪು ಎರೆಮಣ್ಣು. ಅಲ್ಲಿ ಕಣ ಮಾಡಿದರೆ ಒಂದೇ ಅಡ್ಡಮಳೆಗೆ ಬೆಳೆ ಮಣ್ಣುಪಾಲು. “ಆತವ್ವಾ,” ಅಂದ ಮಗಳಿಗೆ, “ಅವರದ ಐತಿ, ಕೇಳ್ತಾರ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ನಾಗರತ್ನಾಳಿಗೆ ತಡೆಯಲಾಗಲಿಲ್ಲ.

ಅವಳು ವೀರುವನ್ನು ಕಂಡದ್ದು ಲಕ್ಷ್ಮೇಶ್ವರದ ಮಾರ್ಕೆಟ್ಟಿನಲ್ಲಿ. ಕಾಳಿನ ಅಂಗಡಿಗಳ ಸಾಲಿನಲ್ಲಿ, ಚೀಲ ಹೊರುವವರ ನಡುವೆ, ಅವನ ನೀಲಿ ಅಂಗಿ ಗುರುತು ಸಿಕ್ಕಿತು. ನೇರ ಎದುರು ಹೋಗಿ ನಿಂತಳು. ಅವನು ಸೊರಗಿದ್ದ, ಗಡ್ಡ ಬಿಟ್ಟಿದ್ದ.

“ಒಂದ ಮಾತು ಕೇಳಾಕ ಬಂದೀನಿ. ಟವೆಲ್ ಏರಿಸಿದಾಗಷ್ಟ ನಾ ತಿರುವೀನಿ. ಹೌದೋ ಅಲ್ಲೋ?”

“ಹೌದು.”

“ಅದನ್ನ ನಿಮ್ಮಪ್ಪಗ ಹೇಳೀಯೇನು?”

ಅವನು ಬಾಯಿ ತೆರೆದ. ಹಿಂದೆ ಯಾರೋ ಹಮಾಲ “ಸರೀರಿ, ಸರೀರಿ” ಎಂದು ಚೀಲ ಹೊತ್ತು ನುಗ್ಗಿದ. ಇಬ್ಬರೂ ಪಕ್ಕಕ್ಕೆ ಸರಿದರು. ಮತ್ತೆ ಎದುರಾದಾಗ ಅವನ ಬಾಯಿ ಮುಚ್ಚಿತ್ತು.

“ನಾಗೂ, ಅಪ್ಪ ಆ ವೈನಿನ ಮ್ಯಾಲ ಜೀವಾ ಇಟ್ಕೊಂಡಾನ. ನನಗ ಸ್ವಲ್ಪ ಟೈಮ್…”

“ನಮ್ಮಪ್ಪಗ ಟೈಮ್ ಕೊಟ್ಟಾರೇನು ನಿಮ್ಮಪ್ಪ?”

ಅವನು ತಲೆ ತಗ್ಗಿಸಿದ. ಅವಳಿಗೆ ಅವನ ಮೇಲೆ ಎಷ್ಟು ಸಿಟ್ಟು ಬಂತೋ, ಅಷ್ಟೇ ಅವನ ಗಡ್ಡ ಬೆಳೆದ ಕೆನ್ನೆಯನ್ನು ಮುಟ್ಟಬೇಕೆನಿಸಿತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. “ನನ್ನ ಹೆಸರು ನಾಗರತ್ನಾ,” ಎಂದಳು. “ಹಂಗ ಕರೀರಿ, ಪಾಟೀಲ್ರ.”

ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕೂತವಳಿಗೆ ಮತ್ತೆ ಮತ್ತೆ ನೆನಪಾದದ್ದು ಅವನ ಮೌನವಲ್ಲ; ದಿಬ್ಬದ ಕಡೆ ಜಾರಿದ ಕೆಂಪು ಧೂಳು. ತಾನು ನೋಡಿದ್ದೆ. ನೋಡಿಯೂ ನಿಲ್ಲಿಸಲಿಲ್ಲ. ಅಪ್ಪ ಕೈ ಮುಗಿಯಬೇಕಾಗಿ ಬಂದದ್ದರಲ್ಲಿ ತನ್ನ ಪಾಲೆಷ್ಟು? ಅವಳು ಯಾರಿಗೂ ಹೇಳಲಿಲ್ಲ.

ಗೋವಾದ ಹೋಟೆಲಿನಿಂದ ಬಂದವಳ ಹೆಸರು ಜಾಸ್ಮಿನ. ಕಾರವಾರದವಳಾದ್ದರಿಂದ ಕನ್ನಡ ಬರುತ್ತಿತ್ತು. ಎಸ್ಟೇಟಿನ ಹಾಲ್‌ನಲ್ಲಿ ಉದ್ದ ಮೇಜು, ಅದರ ಮೇಲೆ ಬಿಳಿ ಬಟ್ಟೆ, ಸಾಲಾಗಿ ಗ್ಲಾಸುಗಳು. ಗೋಡೆಯ ಮೇಲೆ ಎಸ್ಟೇಟ್ ಕಟ್ಟಿದ ವೀರುವಿನ ಅಜ್ಜನ ಫೋಟೋ. ಬಾಟಲಿಗಳ ಮೇಲೂ ಅವರದೇ ಹೆಸರು. ಫೋಟೋದ ಕೆಳಗೆ ಅವರ ಹೆಂಡತಿ ಗದಿಗೆವ್ವ ಕುರ್ಚಿಯಲ್ಲಿ ಕಾಲು ಮೇಲಿಟ್ಟುಕೊಂಡು ಕೂತಿದ್ದಳು. ಫಕ್ಕೀರಪ್ಪ ಬಾಗಿಲ ಹತ್ತಿರ ನಿಂತ. ನಾಗರತ್ನಾ ಅವನ ಪಕ್ಕ ನಿಂತಳು. ಕೂರಿ ಎಂದು ಯಾರೂ ಹೇಳಲಿಲ್ಲ.

ವೀರು ಗ್ಲಾಸಿಗೆ ಸುರಿದ.

ಜಾಸ್ಮಿನ ಮೂಸಿದಳು; ಒಂದು ಗುಟುಕು ಬಾಯಲ್ಲಿ ಹೊರಳಿಸಿದಳು. ಮುಖ ಅರಳಿತು. ಮರುಕ್ಷಣ ಹುಬ್ಬು ಗಂಟಾಯಿತು. ಪಕ್ಕದ ಪಾತ್ರೆಗೆ ಉಗುಳಿ ಕೆಮ್ಮಿ, ನೀರು ಕುಡಿದಳು.

“ಸಾರಿ ಪಾಟೀಲರೇ. ಇದನ್ನು ನಾನು ತಗೊಳ್ಳೋಕೆ ಆಗಲ್ಲ. ಇದು ಹೇಗಾಯ್ತು ಅಂತ ಗೊತ್ತಾಗದೆ ಮುಂದಿನ ವರ್ಷದ ಮಾತೂ ಕಷ್ಟ.”

“ಹೆಂಗಾತು ಅಂತ ನಮಗ ಗೊತ್ತೈತ್ರಿ,” ಚನ್ನಬಸವಣ್ಣರು ಬಾಗಿಲ ಕಡೆ ಕೈ ಮಾಡಿದರು. “ಬಾಜೂಕಿನ ಕಣದಾಗ ಮೆಣಸಿನಕಾಯಿ ಒಣಗಸೋರು ಇವರ. ಹೇಳು, ಫಕ್ಕೀರಪ್ಪ.”

ಫಕ್ಕೀರಪ್ಪ ತಲೆಯ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡ. ಎರಡೂ ಕೈ ಜೋಡಿಸಿದ. “ತಪ್ಪಾಗೇತ್ರಿ. ಕಣ…”

“ಕಾಕಾ, ಕೈ ಇಳಸ್ರಿ.”

ವೀರುವಿನ ದನಿ. ಬಾಟಲಿಯನ್ನು ಮೇಜಿನ ಮೇಲಿಟ್ಟು ಅವನು ಅಪ್ಪನ ಕಡೆ ತಿರುಗಿದ್ದ.

“ತಪ್ಪು ಇವರದಲ್ಲಪ್ಪ. ನಾ ಟವೆಲ್ ಏರಿಸಿದ್ರಷ್ಟ ತಿರುವಬೇಕು ಅಂತ ಮಾತಾಗಿತ್ತು. ಅವರು ಒಂದ ಸಲನೂ ಮಾತು ತಪ್ಪಿಲ್ಲ. ಒಂದ ಮಧ್ಯಾಹ್ನ ಜೋರು ಗಾಳಿ ಇತ್ತು. ಗಾಳಿ ಐತಿ ಅಂತ ಗೊತ್ತಿದ್ದ ನಾ ಟವೆಲ್ ಏರಿಸಿದೆ. ಪರದೆ ಇಳಿಸೀನಲ್ಲ, ನಡೀತೈತಿ ಅಂದ್ಕೊಂಡೆ. ನಡೀಲಿಲ್ಲ.”

“ಗಾಳಿ ಇದ್ರ ಯಾಕ ಏರಿಸಿದಿ?” ಚನ್ನಬಸವಣ್ಣರ ದನಿ ಮೆಲ್ಲಗಿತ್ತು. ಅದು ಕೂಗಿಗಿಂತ ಹೆಚ್ಚು ಹೆದರಿಸುವಂತಿತ್ತು.

ವೀರು ಒಮ್ಮೆ ಬಾಗಿಲ ಕಡೆ ನೋಡಿದ.

“ಆಕೀ ಬೇಲಿ ಕಡಿ ಬರ್ಲಿ ಅಂತ,” ಅಂದ. “ಆಕೀನ್ನ ನೋಡಿ ಬಾಳ ದಿನ ಆಗಿತ್ತು. ತಡಕೊಳ್ಳಾಕ ಆಗಲಿಲ್ಲ.”

ಜಾಸ್ಮಿನ ಗ್ಲಾಸಿನ ಕಡೆ ನೋಡುತ್ತ ಕೂತಳು. ಫಕ್ಕೀರಪ್ಪ ಮಗಳ ಕಡೆ ತಿರುಗಿದ. ಅವಳು ನೆಲ ನೋಡಿದಳು.

“ಒಂದು ಟ್ಯಾಂಕ್ ವೈನ್,” ಚನ್ನಬಸವಣ್ಣರು ಅಂದರು. “ಇಷ್ಟಕ್ಕ.”

“ಹೌದಪ್ಪ.”

“ಇನ್ನ ಮ್ಯಾಲ ನೀ ಶೆಡ್ಡಿಗೆ ಕಾಲಿಡಬ್ಯಾಡ. ಟ್ಯಾಂಕಿನ ಕೀಲಿ ಇಲ್ಲಿಡು.”

ವೀರು ಜೇಬಿನಿಂದ ಕೀಲಿ ತೆಗೆದು ಬಿಳಿ ಬಟ್ಟೆಯ ಮೇಲಿಟ್ಟ. “ಇಡ್ತೀನಿ. ಆದ್ರ ಕಣದ ಸುದ್ದಿಗೆ ಹೋಗಬ್ಯಾಡ್ರಿ.”

“ಅದನ್ನ ನೀ ಹೇಳಬೇಕಾಗಿಲ್ಲ…”

“ನಾ ಹೇಳ್ತೀನಿ ತಗೋ,” ಗದಿಗೆವ್ವ ಕುರ್ಚಿಯಿಂದ ಕಾಲಿಳಿಸಿದಳು. “ಚನ್ನಬಸ್ಯಾ, ಆ ಕಣಾ ನಿಮ್ಮಪ್ಪ ಬಾಯಿಲೆ ಕೊಟ್ಟದ್ದು. ನಾ ಮಗ್ಗಲಾಗ ನಿಂತಿದ್ದೆ. ಆ ಮಾತು ಕಿತ್ತು ಒಗಿಯಾವ ಇದ್ರ, ಬಾಟ್ಲಿ ಮ್ಯಾಲಿನ ಅವರ ಹೆಸರೂ ಕಿತ್ತು ಒಗಿ. ಶೆಡ್ಡು ತಂದದ್ದು ನಾವು. ನಾವ ಸರಸೂಣು.”

ಜಾಸ್ಮಿನ ಎದ್ದಳು. “ಶೆಡ್ ಸರಿಸಿದರೆ ಮುಂದಿನ ವರ್ಷ ಬಂದು ನೋಡ್ತೀನಿ,” ಎಂದಳು. “ಈ ವರ್ಷದ್ದು ಬೇಡ.” ಬಾಗಿಲು ದಾಟುವಾಗ ಒಂದು ಗಳಿಗೆ ನಾಗರತ್ನಾಳನ್ನು ನೋಡಿ ಹೋದಳು.

ಚನ್ನಬಸವಣ್ಣರು ಕೀಲಿ ತೆಗೆದುಕೊಂಡು ಒಳಗೆ ನಡೆದರು. ಕಣ ಉಳಿಯಿತೆಂದು ಅವರು ಹೇಳಲಿಲ್ಲ. ಬಿಡೆಂದೂ ಮತ್ತೆ ಹೇಳಲಿಲ್ಲ.

ಕಣ ತಲುಪಿದ ಮೇಲೆ ಫಕ್ಕೀರಪ್ಪ ರುಮಾಲು ಝಾಡಿಸಿ ಸುತ್ತಿಕೊಂಡು, “ಹುಡುಗ ಖರೆ ಮಾತಾಡಿದ,” ಎಂದ. “ತಡಾ ಮಾಡಿ ಮಾತಾಡಿದ,” ಎಂದೂ ಸೇರಿಸಿದ. ಆಮೇಲೆ ಎತ್ತಿಗೆ ನೀರು ಕುಡಿಸಲು ಹೋದ.

ಮರುದಿನ ಹೊತ್ತೇರಿದಾಗ ವೀರು ಬಂದ. ಬೇಲಿಯ ಕಡೆಯಿಂದಲ್ಲ, ರಸ್ತೆಯಿಂದ, ಊರಿನವರು ನೋಡುವಂತೆ, ನಡೆದುಕೊಂಡು. ನಾಗರತ್ನಾ ಬೇವಿನ ನೆರಳಲ್ಲಿ ಕೂತು, ಮನೆಯ ಖಾರಕ್ಕೆಂದು ಇಟ್ಟುಕೊಂಡ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಎದ್ದೇಳಲಿಲ್ಲ. ಅವನು ಸ್ವಲ್ಪ ದೂರದಲ್ಲಿ ಕುಕ್ಕರಗಾಲಲ್ಲಿ ಕೂತ.

“ಮಾರ್ಕೆಟ್ಟಿನಾಗ ಹೇಳಬೇಕಾಗಿತ್ತು. ಹೆದರಿದೆ. ಅಪ್ಪಗ ಹೆದರಿದೆ, ನಿನಗ ಅದಕ್ಕಿಂತ ಹೆಚ್ಚು ಹೆದರಿದೆ. ಸುಳ್ಳು ಟವೆಲ್ ಏರಿಸಿ ನಿನ್ನ ಕರದೆ ಅಂದ್ರ ನೀ ನನ್ನ ಮುಖಾ ನೋಡಂಗಿಲ್ಲ ಅನಿಸ್ತು.”

ಅವಳು ಇನ್ನೊಂದು ತೊಟ್ಟು ಮುರಿದಳು.

“ಈಗ ಶೆಡ್ಡಿಲ್ಲ, ಕೀಲಿ ಇಲ್ಲ. ಗುಡ್ಡದ ಆ ಮಗ್ಗಲಿಗೆ ಹೊಸಾ ಶೆಡ್ಡಿಗೆ ಕುಣಿ ತೋಡಾಕ ನಾಳೆಯಿಂದ ಆಳಿನ ಜೋಡಿ ಹೋಗ್ತೀನಿ. ಅಜ್ಜಿ ಹೇಳ್ಯಾಳ. ಅಪ್ಪ ಮಾತು ಬಿಟ್ಟಾನ. ನೀನೂ ಬಿಡ್ತೀ ಅಂದ್ರ ಬಿಡು. ಕೇಳಿ ಹೋಗೂಣಂತ ಬಂದೆ.”

“ಬೇವಿನ ತುದಿ ಅಲುಗ್ತಿತ್ತು,” ನಾಗರತ್ನಾ ಅಂದಳು.

“ಏನು?”

“ಅವತ್ತು. ನಾ ನೋಡಿದ್ದೆ. ಧೂಳು ನಿಮ್ಮ ದಿಬ್ಬದ ಕಡಿ ಹೋಗೋದೂ ನೋಡಿದೆ. ನಿಲ್ಲಸಬಹುದಿತ್ತು.” ಅವಳು ತಲೆಯೆತ್ತಿದಳು, ಕಣ್ಣು ತುಂಬಿದ್ದವು. “ನಿಲ್ಲಸಿದ್ರ ಬೇಲಿ ಕಡಿ ಬರಾಕ ನೆವ ಇರ್ತಿದ್ದಿಲ್ಲ.”

ಅವನು ಅವಳನ್ನೇ ನೋಡಿದ. ಎಷ್ಟೋ ದಿನಗಳಿಂದ ಬಿಗಿದಿದ್ದ ಅವನ ಮುಖ ಮೆಲ್ಲಗೆ ಸಡಿಲಾಯಿತು.

“ನಿನ್ನೆ ಹಾಲ್‌ನಾಗ ನೀ ಒಬ್ಬವ ತಪ್ಪು ಒಪ್ಪಿಕೊಂಡಿ,” ಅವಳು ಹೇಳಿದಳು. “ನಾ ನೆಲಾ ನೋಡ್ತಾ ನಿಂತೆ. ನಮ್ಮಪ್ಪ ಕೈ ಮುಗಿದದ್ದು ನನ್ನ ಸಲುವಾಗೂ. ರಾತ್ರಿ ಪೂರಾ ನಿದ್ದಿ ಇಲ್ಲ.”

“ಹೋಗ್ಲಿ ಬಿಡು. ಯಾರಿಗೂ ಹೇಳಬ್ಯಾಡ.”

“ನಮ್ಮಪ್ಪಗ ಮುಂಜಾನೆನ ಹೇಳೀನಿ.” ಅವಳು ಮಡಿಲಿನ ತೊಟ್ಟು ಕೊಡವಿ ಎದ್ದಳು. “ನಿಮ್ಮಪ್ಪಗೂ ಹೇಳ್ತೀನಿ. ನಡಿ.”

“ಈಗ? ಅವರು ಸಿಟ್ಟಿನಾಗ ಅದಾರ, ನಾಗೂ. ಏನೇನರ ಅಂತಾರ. ನಿಮ್ಮ ಮನಿ ಹೆಂಗ, ನಮ್ಮ ಮನಿ ಹೆಂಗ ಅಂತಾರ.”

“ಅನ್ಲಿ. ಅಂದದ್ದು ಕೇಳಿ, ಆಮ್ಯಾಲ ನಾ ಅನ್ನೋದೂ ಕೇಳ್ತಾರ. ಇಬ್ಬರ ತಪ್ಪು, ಇಬ್ಬರೂ ನಿಂತು ಹೇಳೂಣು. ನೀ ನನಗ ಬೇಕು ಅನ್ನೋದನ್ನೂ ಅಲ್ಲೇ ಹೇಳ್ತೀನಿ.”

ಎತ್ತಿನ ಹತ್ತಿರ ನಿಂತಿದ್ದ ಫಕ್ಕೀರಪ್ಪ ಇತ್ತ ನೋಡುತ್ತಿದ್ದ. ಹಗ್ಗ ಬಿಟ್ಟು ಬಂದು, ಅವಳು ಬಿಟ್ಟುಹೋದ ಜಾಗದಲ್ಲಿ ಕೂತು, ಉಳಿದ ಕಾಯಿಯ ತೊಟ್ಟು ಮುರಿಯತೊಡಗಿದ.

ರಸ್ತೆಗೆ ಬಂದ ಮೇಲೆ ವೀರು ಕೈ ಚಾಚಿದ.

“ಬ್ಯಾಡ,” ಅವಳು ತನ್ನ ಕೈ ಹಿಂದೆ ಎಳೆದುಕೊಂಡಳು. “ಮುಂಜಾನಿಂದ ಮೆಣಸಿನಕಾಯಿ ಮುಟ್ಟೀನಿ. ಕೈ ಉರೀತಾವ. ನಿನಗೂ ಹತ್ತತೈತಿ.”

ಅವನು ಕೇಳಲಿಲ್ಲ. ಎಸ್ಟೇಟಿನ ಗೇಟು ಬರುವಷ್ಟರಲ್ಲಿ ಅವನ ಅಂಗೈ ಕೆಂಪಾಗಿ ಧಗಧಗ ಉರಿಯುತ್ತಿತ್ತು. ಒಳಗೆ ಪಡಸಾಲೆಯಲ್ಲಿ ಚನ್ನಬಸವಣ್ಣರು ನಿಂತು ನೋಡುತ್ತಿದ್ದರು. ಅವನು ಕೈ ಬಿಡಲಿಲ್ಲ. ಅವಳೇ ಗೇಟು ತೆರೆದಳು.